ಕಿಟಕಿ ಅದುರಿದರೆಲ್ಲ ಭೂಕಂಪವೇ? ಮಂಡ್ಯದ ನೆಲದಡಿ ಬೆಂಕಿ ಕುದಿಯುತ್ತಿದೆಯೇ?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಆಗಾಗ ಮಧ್ಯಾಹ್ನದ ಹೊತ್ತು ‘ಧಡ್’ ಅಂತ ಶಬ್ದ ಬಂದು ಕಿಟಕಿ, ಅಟ್ಟದ ಮೇಲಿನ ಪಾತ್ರೆ ಎಲ್ಲಾ ಅದುರುತ್ತವೆ. ಅಕ್ಕಪಕ್ಕದವರು ಭೂಕಂಪ ಅಂತ ಬೀದಿಗೆ ಬಂದು ನಿಲ್ತಾರೆ. ಹೈಸ್ಕೂಲಿನಲ್ಲಿ ಓದುವ ಮಗಳು ಪುಸ್ತಕದ ಚಿತ್ರ ತೋರಿಸಿ, ‘ಮೇಲೆ ಒಂದು ಸಣ್ಣ ಚಿಪ್ಪು ಅಷ್ಟೇ ಅಮ್ಮ, ಕೆಳಗೆಲ್ಲ ಕುದಿಯೋ ಬೆಂಕಿ. ನಮ್ಮೂರಲ್ಲೂ ಜ್ವಾಲಾಮುಖಿ ಏಳಬಹುದಾ?’ ಅಂತ ಕೇಳ್ತಾಳೆ. ಕನ್ನಂಬಾಡಿ ಕಟ್ಟೆ ಬೇರೆ ಪಕ್ಕದಲ್ಲೇ ಇದೆ. ನನಗೂ ಭಯ. ನಿಜ ಏನು, ಸ್ವಲ್ಪ ಬಿಡಿಸಿ ಹೇಳಿ ಸರ್.

ಉತ್ತರ: ತಾಯಿ, ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಉಳಿದ ಭಯವೆಲ್ಲ ಆ ಒಂದು ಚಿತ್ರದಿಂದ ಹುಟ್ಟಿದ್ದು. ಮೈಸೂರಿನಲ್ಲಿ ಮೂರು ದಶಕ ಭೂವಿಜ್ಞಾನ ಕಲಿಸಿದ್ದೇನೆ. ಪ್ರತಿ ವರ್ಷ ಹೊಸದಾಗಿ ಬಂದ ಹುಡುಗರನ್ನು ‘ಭೂಮಿಯ ಒಳಗೆ ಏನಿದೆ?’ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ‘ಲಾವಾ’ ಎನ್ನುತ್ತಿದ್ದರು. ತಪ್ಪು ಅವರದಲ್ಲ. ಚಿತ್ರದಲ್ಲಿ ಮೇಲಿನ ಚಿಪ್ಪಿನ ಕೆಳಗಿನ ದಪ್ಪ ಪದರಕ್ಕೆ, ಅಂದರೆ ಮ್ಯಾಂಟಲ್‌ಗೆ, ಕೆಂಪು, ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಆ ಕೆಂಪು ಬಿಸಿಯ ಗುರುತು. ಮಕ್ಕಳು ಅದನ್ನು ಕರಗಿದ ಬೆಂಕಿಯ ಗುರುತು ಎಂದು ಓದಿಕೊಳ್ಳುತ್ತಾರೆ. ಮ್ಯಾಂಟಲ್ ಬಿಸಿ, ತುಂಬಾ ಬಿಸಿ. ಆದರೆ ಅದು ಕಲ್ಲು. ಗಟ್ಟಿ ಕಲ್ಲು. ಭೂಮಿಯ ಗಾತ್ರದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ಗಟ್ಟಿ ಬಿಸಿಗಲ್ಲೇ.

ನಿಮ್ಮೂರಲ್ಲಿ ಬೋರ್‌ವೆಲ್ ಕೊರೆಯುವಾಗ ನೋಡಿರುತ್ತೀರಿ. ಮೊದಲು ಕೆಂಪು ಮಣ್ಣು ಬರುತ್ತದೆ, ಆಮೇಲೆ ಕೊಳೆತ ಕಲ್ಲಿನಂಥ ಮೆತ್ತನೆ ಪದರ. ಅಲ್ಲಿಯವರೆಗೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ನಂತರ ಬೂದಿಯಂಥ ಬಿಳಿ-ಕಪ್ಪು ಪುಡಿ ಏಳುತ್ತದೆ. ಆರು ನೂರು ಅಡಿಗೆ ಹೋದರೂ ಅದೇ ಪುಡಿ, ಸಾವಿರ ಅಡಿಗೆ ಹೋದರೂ ಅದೇ ಪುಡಿ. ಒಂದು ಹಿಡಿ ತೆಗೆದು ನೀರಲ್ಲಿ ತೊಳೆದು ಅಂಗೈ ಮೇಲೆ ಹರಡಿ ನೋಡಲು ಮಗಳಿಗೆ ಹೇಳಿ. ಗಾಜಿನಂಥ ಚೂರು ಬೆಣಚುಕಲ್ಲು, ಹಾಲುಬಿಳುಪಿನ ಚೂರು ಫೆಲ್ಡ್‌ಸ್ಪಾರ್, ಮಿರಿಮಿರಿ ಮಿಂಚುವ ಕರಿ ಹೊಪ್ಪಳೆ ಅಭ್ರಕ. ಇದು ನೈಸ್ ಎಂಬ ಬಂಡೆ. ಹಳೆ ಮೈಸೂರು ಸೀಮೆಯ ಬಹುಪಾಲು ನೆಲ ನಿಂತಿರುವುದು ಇದರ ಮೇಲೆ. ಕನ್ನಂಬಾಡಿಗೆ ಸೇರುವ ಹೇಮಾವತಿ ದಾರಿಯಲ್ಲಿ ಗೊರೂರು ಹಾದು ಬರುತ್ತದಲ್ಲ, ಆ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಭೂಮಿಯ ವಯಸ್ಸೇ 450 ಕೋಟಿ ವರ್ಷದ ಆಸುಪಾಸು. ಜಗತ್ತಿನ ಅತಿ ಹಳೆಯ ನೆಲಗಳಲ್ಲಿ ಒಂದರ ಮೇಲೆ ನೀವು ಕಬ್ಬು ಬೆಳೆಯುತ್ತಿದ್ದೀರಿ. ಇದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸಾವಿರ ಅಡಿ ಎಂದರೆ ಮುನ್ನೂರು ಮೀಟರ್, ಅಷ್ಟೇ. ಕೋಲಾರದ ಚಿನ್ನದ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಮೀರಿತ್ತು. ಗಾಳಿಯನ್ನು ತಂಪು ಮಾಡಿ ಕೆಳಗೆ ಕಳಿಸದೆ ಕೆಲಸ ಸಾಧ್ಯವಿರಲಿಲ್ಲ. ರಷ್ಯಾದ ಕೋಲಾದಲ್ಲಿ ಮನುಷ್ಯ ಕೊರೆದ ಅತಿ ಆಳದ ಬಾವಿ 12,262 ಮೀಟರ್. ಅದರ ತಳದಲ್ಲಿ ಬಿಸಿ ಸುಮಾರು 180 ಡಿಗ್ರಿ, ಅಲ್ಲೂ ಸಿಕ್ಕಿದ್ದು ಕಲ್ಲೇ. ಭೂಮಿಯ ಕೇಂದ್ರ ಇರುವುದು 6,371 ಕಿ.ಮೀ. ಕೆಳಗೆ. ನಮ್ಮ ಕಡೆ ಮೇಲಿನ ಚಿಪ್ಪಿನ, ಅಂದರೆ ಭೂಕವಚದ ದಪ್ಪ 35–45 ಕಿ.ಮೀ., ಸಮುದ್ರದಡಿ ಹತ್ತಕ್ಕಿಂತ ಕಡಿಮೆ, ಹಿಮಾಲಯದಡಿ 70ರ ಹತ್ತಿರ. ಭೂಮಿಯನ್ನು ಒಂದು ಸೀಬೆಹಣ್ಣು ಅಂದುಕೊಂಡರೆ ಭೂಕವಚ ಅದರ ಸಿಪ್ಪೆಗಿಂತ ದಪ್ಪವಿಲ್ಲ. ಮಗಳು ‘ಸಣ್ಣ ಚಿಪ್ಪು’ ಎಂದದ್ದು ಸರಿ. ಆದರೆ ಸಿಪ್ಪೆ ತೆಗೆದರೆ ರಸ ಸುರಿಯುವುದಿಲ್ಲ, ಗಟ್ಟಿ ತಿರುಳೇ ಸಿಗುತ್ತದೆ.

ಯಾರೂ ಇಳಿದು ನೋಡಿಲ್ಲವಲ್ಲ, ಗಟ್ಟಿ ಎಂದು ಹೇಗೆ ಹೇಳುತ್ತೀರಿ ಎಂದು ಆಕೆ ಕೇಳಬೇಕು, ಕೇಳಲಿ. ಉತ್ತರ ಕೊಟ್ಟದ್ದು ಭೂಕಂಪಗಳೇ. ಕಲ್ಲಂಗಡಿ ಹಣ್ಣನ್ನು ಕೊಳ್ಳುವಾಗ ತಟ್ಟಿ ಶಬ್ದ ಕೇಳುತ್ತೇವಲ್ಲ, ಹಾಗೆ. ದೊಡ್ಡ ಭೂಕಂಪವಾದಾಗ ಇಡೀ ಭೂಮಿಯನ್ನು ಯಾರೋ ತಟ್ಟಿದಂತೆ. ಅದರಿಂದ ಹೊರಡುವ ಅಲೆಗಳಲ್ಲಿ ಎರಡು ಬಗೆ ಮುಖ್ಯ. ಒಂದು, ಸಾಲಿನಲ್ಲಿ ನಿಂತ ಜನರಲ್ಲಿ ಹಿಂದಿನವನು ತಳ್ಳಿದರೆ ಆ ನೂಕು ಮುಂದಿನವರೆಗೂ ಸಾಗುವಂತೆ ಒತ್ತುತ್ತಾ ಹೋಗುವ ಪ್ರಾಥಮಿಕ ಅಲೆ. ಇನ್ನೊಂದು, ಹಗ್ಗದ ತುದಿ ಹಿಡಿದು ಒದರಿದರೆ ಅಡ್ಡಕ್ಕೆ ಬಳುಕುತ್ತಾ ಹೋಗುವಂಥ ದ್ವಿತೀಯ ಅಲೆ. ಒತ್ತುವ ಅಲೆ ಗಟ್ಟಿ, ದ್ರವ, ಗಾಳಿ ಎಲ್ಲದರಲ್ಲೂ ಸಾಗುತ್ತದೆ. ಬಳುಕುವ ಅಲೆ ದ್ರವದಲ್ಲಿ ಸಾಗುವುದೇ ಇಲ್ಲ. ನೀರನ್ನು ಅಡ್ಡಕ್ಕೆ ಎಳೆದರೆ ಅದು ವಾಪಸು ಎಳೆಯುವುದಿಲ್ಲವಲ್ಲ, ಅದಕ್ಕೆ.

ಈಗ ನೋಡಿ, ಈ ಬಳುಕುವ ಅಲೆ ಮ್ಯಾಂಟಲ್‌ನಲ್ಲಿ 2,900 ಕಿ.ಮೀ. ಆಳದವರೆಗೂ ಸರಾಗವಾಗಿ ಸಾಗುತ್ತದೆ. ಅಲ್ಲಿರುವುದು ಕರಗಿದ ಬೆಂಕಿಯಾಗಿದ್ದರೆ ಸಾಗುತ್ತಲೇ ಇರಲಿಲ್ಲ. ಮ್ಯಾಂಟಲ್ ಗಟ್ಟಿ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 2,900 ಕಿ.ಮೀ. ದಾಟುತ್ತಲೇ ಅದು ನಿಂತುಬಿಡುತ್ತದೆ. ಅಲ್ಲಿಂದ ಶುರುವಾಗುವುದು ಹೊರ ಕೇಂದ್ರಗೋಳ. ಅದು ನಿಜಕ್ಕೂ ದ್ರವ, ಹೆಚ್ಚಿನ ಪಾಲು ಕರಗಿದ ಕಬ್ಬಿಣ, ಜೊತೆಗೆ ನಿಕಲ್. ಆ ದ್ರವ ಕಬ್ಬಿಣದ ಸುತ್ತಾಟದಿಂದಲೇ ಭೂಮಿಗೆ ಕಾಂತಶಕ್ತಿ ಬಂದಿದೆ, ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ತಿರುಗುತ್ತದೆ. ಇನ್ನೂ ಒಳಗೆ, ಸುಮಾರು 1,220 ಕಿ.ಮೀ. ತ್ರಿಜ್ಯದ ಗಟ್ಟಿ ಕಬ್ಬಿಣದ ಗುಂಡು. ಅಲ್ಲಿಯ ಬಿಸಿ 5,000 ಡಿಗ್ರಿ ಮೀರಿದ್ದು, ಸೂರ್ಯನ ಮೈಯಷ್ಟು. ಆದರೂ ಕರಗಿಲ್ಲ, ಏಕೆಂದರೆ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಕರಗಲು ಹೆಚ್ಚು ಬಿಸಿ ಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಜ್ವಾಲಾಮುಖಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಈ ಕಥೆಯ ಒಂದು ಎಳೆ ನಮ್ಮ ದೇಶದ್ದೇ. 1897ರಲ್ಲಿ ಅಸ್ಸಾಂ, ಶಿಲ್ಲಾಂಗ್ ಸೀಮೆಯನ್ನು ಅಲ್ಲಾಡಿಸಿದ ಮಹಾ ಭೂಕಂಪವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಿಚರ್ಡ್ ಓಲ್ಡ್‌ಹ್ಯಾಮ್. ದೂರದ ಯಂತ್ರಗಳು ಗೀಚಿದ ಗೆರೆಗಳಲ್ಲಿ ಈ ಎರಡು ಅಲೆಗಳನ್ನು ಬೇರೆಬೇರೆಯಾಗಿ ಗುರುತಿಸಿದವರು ಅವರು. 1906ರಲ್ಲಿ ಭೂಮಿಗೆ ಒಂದು ಕೇಂದ್ರಗೋಳ ಇದೆ ಎಂದೂ ತೋರಿಸಿದರು. ಒಳಗಿನ ಗಟ್ಟಿ ಗುಂಡನ್ನು 1936ರಲ್ಲಿ ಕಂಡುಹಿಡಿದದ್ದು ಡೆನ್ಮಾರ್ಕಿನ ಇಂಗ ಲೇಮನ್ ಎಂಬ ಮಹಿಳೆ, ಬರೀ ಕಾಗದದ ಮೇಲಿನ ಅಲೆಗಳ ಲೆಕ್ಕ ಹಾಕಿ. ಇದನ್ನು ಮಗಳಿಗೆ ತಪ್ಪದೆ ಹೇಳಿ.

ಹಾಗಾದರೆ ಗಟ್ಟಿ ಮ್ಯಾಂಟಲ್ ಹರಿಯುತ್ತದೆ, ಅದರ ಮೇಲೆ ಭೂಫಲಕಗಳು, ಅಂದರೆ ಭೂಮಿಯ ಹೊರಭಾಗದ ದೊಡ್ಡ ದೊಡ್ಡ ತುಂಡುಗಳು, ಸರಿಯುತ್ತವೆ ಎನ್ನುತ್ತಾರಲ್ಲ, ಅದು ಹೇಗೆ? ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಡ್ರಮ್ಮು ನೋಡಿದ್ದೀರಲ್ಲ. ಚಳಿಗಾಲದ ಬೆಳಿಗ್ಗೆ ಸುತ್ತಿಗೆಯಲ್ಲಿ ಹೊಡೆದರೆ ಡಾಂಬರು ಗಾಜಿನಂತೆ ಚಕ್ಕೆ ಹಾರುತ್ತದೆ. ಅದೇ ಡ್ರಮ್ಮನ್ನು ಉರುಳಿಸಿ ಬಿಟ್ಟರೆ ತಿಂಗಳುಗಟ್ಟಲೆಯಲ್ಲಿ ಅದೇ ಡಾಂಬರು ನಾಲಗೆ ಚಾಚಿದಂತೆ ನೆಲಕ್ಕೆ ಇಳಿದಿರುತ್ತದೆ. ಥಟ್ಟನೆ ಹೊಡೆದರೆ ಗಟ್ಟಿ, ನಿಧಾನಕ್ಕೆ ಎಳೆದರೆ ಹರಿವು. ಮ್ಯಾಂಟಲ್ ಕೂಡ ಹೀಗೇ. ಭೂಕಂಪದ ಅಲೆಗೆ ಅದು ಕಲ್ಲು, ಕೋಟಿ ವರ್ಷದ ಲೆಕ್ಕಕ್ಕೆ ಅದು ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಜರುಗುವ ಹಿಟ್ಟಿನ ಮುದ್ದೆ. ಅದರ ಜೊತೆ ನಮ್ಮ ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ, ಉಗುರು ಬೆಳೆಯುವುದಕ್ಕಿಂತ ತುಸು ಜೋರಾಗಿ. ಏಷ್ಯಾಕ್ಕೆ ಹೋಗಿ ಒತ್ತಿದ ಕಡೆ ನೆಲ ಮಡಿಸಿ ಮೇಲೆದ್ದು ಹಿಮಾಲಯವಾಗಿದೆ.

ಈ ಒತ್ತಾಟದಲ್ಲೇ ಭೂಕಂಪ ಹುಟ್ಟುವುದು. ಗದ್ದೆಯಲ್ಲಿ ಒಂದು ಕಬ್ಬನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಬಗ್ಗಿಸಿ. ಬಗ್ಗುತ್ತದೆ, ಇನ್ನೂ ಬಗ್ಗುತ್ತದೆ, ನಿಮ್ಮ ಬಲವೆಲ್ಲ ಆ ಜಲ್ಲೆಯೊಳಗೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಒಂದು ಗಳಿಗೆಯಲ್ಲಿ ಲಟ್ ಎಂದು ಮುರಿಯುತ್ತದೆ, ಅಂಗೈ ಚುರ್ ಎನ್ನುತ್ತದೆ. ಬಗ್ಗಿಸಲು ಹಿಡಿದ ಹೊತ್ತು ಎಷ್ಟೋ, ಮುರಿಯಲು ಹಿಡಿದದ್ದು ಕಣ್ಣು ಮಿಟುಕಿಸುವಷ್ಟು. ಬಂಡೆಯೂ ಹಾಗೇ ನೂರಾರು, ಸಾವಿರಾರು ವರ್ಷ ಬಗ್ಗುತ್ತದೆ. ಹಳೆಯ ಬಿರುಕೊಂದರ ಉದ್ದಕ್ಕೂ ಒಮ್ಮೆಲೇ ಜಾರುತ್ತದೆ. ಅಂಗೈಗೆ ತಗುಲಿದ ಆ ಚುರುಕ್ಕೇ ನೆಲದಲ್ಲಿ ಅಲೆಯಾಗಿ ನಮ್ಮ ಮನೆಯವರೆಗೆ ಬರುವುದು.

ಹಿಮಾಲಯದಲ್ಲಿ ಬಿದ್ದ ಒತ್ತಡ ಇಡೀ ದಕ್ಷಿಣ ಭಾರತದ ನೆಲವನ್ನೂ ತುಸು ಹಿಂಡುತ್ತದೆ. ಅದಕ್ಕೇ ನಮ್ಮಲ್ಲೂ ಹಳೆಯ ಬಿರುಕುಗಳು ಎಂದಾದರೊಮ್ಮೆ ಮಿಸುಕುತ್ತವೆ. 2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ತೀವ್ರತೆಯ ಭೂಕಂಪ ಆಗಿತ್ತು. ಕೊಡಗು, ಮೈಸೂರು, ಮಂಡ್ಯದ ಕೆಲವು ಊರುಗಳವರಿಗೂ ಅದರ ಅನುಭವ ಆಯಿತು. ಅದು ಭೂಕಂಪವೇ, ಅನುಮಾನವಿಲ್ಲ. ಆದರೆ ಅಳತೆ ಗೊತ್ತಿರಬೇಕು. ಮಾಪಕದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ 6.2. ಹೊಳೆನರಸೀಪುರದ್ದಕ್ಕಿಂತ ಅದರ ಶಕ್ತಿ ಸುಮಾರು 16 ಸಾವಿರ ಪಟ್ಟು. 2001ರ ಗುಜರಾತಿನ ಭುಜ್ ಭೂಕಂಪ 7.7, ಇಪ್ಪತ್ತು ಲಕ್ಷ ಪಟ್ಟಿಗೂ ಮೀರಿದ್ದು. ಟಿ.ವಿ.ಯಲ್ಲಿ 3 ಎಂದರೂ 7 ಎಂದರೂ ಒಂದೇ ದನಿಯಲ್ಲಿ ಕೂಗುತ್ತಾರೆ. ಜನ ಹೆದರುವುದು ಸಹಜ.

ಈಗ ನಿಮ್ಮೂರಿನ ‘ಧಡ್’ ಶಬ್ದಕ್ಕೆ ಬರುತ್ತೇನೆ. ದೂರದಲ್ಲಿ ಕೂತು ನಿಮ್ಮ ಮನೆಯ ಶಬ್ದ ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೆ ನೀವೇ ಗುರುತು ಹಿಡಿಯುವ ದಾರಿ ಇದೆ, ಅದನ್ನು ಹೇಳಿಕೊಡುತ್ತೇನೆ. ಇಂಥ ಶಬ್ದಕ್ಕೆ ಮೂರು ಮೂಲ ಇರಬಹುದು: ಕ್ವಾರಿಯಲ್ಲಿ ಬಂಡೆ ಸಿಡಿಸುವುದು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ, ಇಲ್ಲವೇ ನಿಜವಾದ ಭೂಕಂಪ.

ಕ್ವಾರಿ ಸಿಡಿತದ ಗುಟ್ಟು ಹೊತ್ತಿನಲ್ಲಿದೆ. ಗಟ್ಟಿ ಬಂಡೆಯಲ್ಲಿ ನಡುಕ ಸೆಕೆಂಡಿಗೆ ಐದಾರು ಕಿ.ಮೀ. ಓಡುತ್ತದೆ. ಗಾಳಿಯಲ್ಲಿ ಶಬ್ದ ಓಡುವುದು ಸೆಕೆಂಡಿಗೆ ಬರೀ 340 ಮೀಟರ್. ಐದು ಕಿ.ಮೀ. ಆಚೆ ಬಂಡೆ ಸಿಡಿಸಿದರೆ ಕಾಲಡಿಯ ನಡುಕ ಒಂದೇ ಸೆಕೆಂಡಿನಲ್ಲಿ ಬರುತ್ತದೆ. ‘ಧಡ್’ ಬರಲು ಹದಿನೈದು ಸೆಕೆಂಡು ಬೇಕು. ಹತ್ತು ಕಿ.ಮೀ. ಆದರೆ ಅರ್ಧ ನಿಮಿಷ. ಹಾಗಾಗಿ ನೆಲ ಮೊದಲು ಸಣ್ಣಗೆ ಗುಂಯ್ ಎಂದು, ಎಷ್ಟೋ ಹೊತ್ತಿನ ಮೇಲೆ ಹೊರಗಿನಿಂದ ಗುಡುಗಿನಂತೆ ಶಬ್ದ ಬಂದು ಕಿಟಕಿ ಅದುರಿದರೆ ಅದು ಸಿಡಿಮದ್ದು. ಹಗಲಲ್ಲೇ ಬರುವುದು, ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವುದು ಇನ್ನೊಂದು ಗುರುತು. ಭೂಕಂಪಕ್ಕೆ ಊಟದ ಹೊತ್ತು ಗೊತ್ತಿಲ್ಲ.

ವಿಮಾನದ ಶಬ್ದವಾದರೆ ಕಿಟಕಿ, ಬಾಗಿಲು ಜೋರಾಗಿ ಬಡಿದುಕೊಳ್ಳುತ್ತವೆ, ನೆಲ ಮಾತ್ರ ಅಲ್ಲಾಡುವುದಿಲ್ಲ. ಒಂದೇ ನಿಮಿಷದೊಳಗೆ ಹತ್ತಾರು ಮೈಲಿ ದೂರದ ನೆಂಟರೂ ಫೋನ್ ಮಾಡುತ್ತಾರೆ. 2020ರ ಮೇ 20ರಂದು ಬೆಂಗಳೂರಿನ ಅರ್ಧ ಊರು ಬೆಚ್ಚಿಬಿದ್ದದ್ದು ಇಂಥದ್ದೇ ಶಬ್ದಕ್ಕೆ. ವಾಯುಪಡೆಯ ಪರೀಕ್ಷಾ ಹಾರಾಟ ಅದಕ್ಕೆ ಕಾರಣವಾಗಿತ್ತು.

ನಿಜವಾದ ಭೂಕಂಪದಲ್ಲಿ ಶಬ್ದವೂ ನಡುಕವೂ ಕಾಲಡಿಯಿಂದ ಒಟ್ಟಿಗೆ ಬರುತ್ತವೆ. ಮೊದಲು ಕೆಳಗಿನಿಂದ ಗುದ್ದಿದಂತೆ, ಕೆಲವು ಸೆಕೆಂಡಿನ ಮೇಲೆ ಅಡ್ಡಕ್ಕೆ ತೂಗಿದಂತೆ. ಮೊದಲಿನದು ಒತ್ತುವ ಅಲೆ, ಎರಡನೆಯದು ಬಳುಕುವ ಅಲೆ. ನಡುವಿನ ಅಂತರ ಎಣಿಸಿ: ಒಂದೊಂದು ಸೆಕೆಂಡಿಗೆ ಸುಮಾರು 8 ಕಿ.ಮೀ. ಲೆಕ್ಕ. ಐದು ಸೆಕೆಂಡು ಅಂತರ ಇದ್ದರೆ ಭೂಕಂಪ ಆದದ್ದು 40 ಕಿ.ಮೀ. ದೂರದಲ್ಲಿ. ಮಿಂಚು ಕಂಡ ಮೇಲೆ ಗುಡುಗಿನವರೆಗೆ ಎಣಿಸುತ್ತೇವಲ್ಲ, ಅದೇ ಲೆಕ್ಕ. ತೂಗುಹಾಕಿದ ಬಲ್ಬು ಓಲಾಡುವುದು, ತೊಟ್ಟಿಯ ನೀರು ಒಂದು ದಿಕ್ಕಿಗೆ ಹೊಯ್ದಾಡುವುದು ಭೂಕಂಪದ ಗುರುತು. ಒಂದು ಎಚ್ಚರಿಕೆ: ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ತೀರಾ ಹತ್ತಿರ, ಕಡಿಮೆ ಆಳದಲ್ಲಿ ಆಗುವ ಪುಟ್ಟ ಭೂಕಂಪವೂ ಗುಂಡು ಹಾರಿಸಿದಂತೆ ಒಂದೇ ಸದ್ದು ಮಾಡಬಲ್ಲದು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವಾರದಲ್ಲಿ ಜನ ಮತ್ತೆ ಮತ್ತೆ ಇಂಥ ಸದ್ದು ಕೇಳಿ ರಾತ್ರಿ ಮನೆಯ ಹೊರಗೆ ಮಲಗಿದ್ದರು. ಅಲ್ಲಿನದು ಭೂಕಂಪವೇ, ದೊಡ್ಡದು 4ರ ಆಸುಪಾಸಿನಲ್ಲಿತ್ತು. ಆದ್ದರಿಂದ ಬರೀ ಸದ್ದು ಕೇಳಿ ತೀರ್ಮಾನಕ್ಕೆ ಬರಬೇಡಿ, ಹೊತ್ತನ್ನೂ ನೆಲವನ್ನೂ ನೋಡಿ.

ನಿಮ್ಮ ಭಾಗದ ವಿಷಯದಲ್ಲಿ ದಾಖಲೆಯೂ ಇದೆ. ಕನ್ನಂಬಾಡಿ ಸುತ್ತ 2018ರಲ್ಲಿ ಕೇಳಿಬಂದ ಭಾರೀ ಶಬ್ದವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರ ದಾಖಲಿಸಿತು. ಕಲ್ಲುಗಣಿಯ ಸಿಡಿತದ ಕಡೆಗೇ ಕೇಂದ್ರ ಬೊಟ್ಟು ಮಾಡಿತು. 2024ರ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು. ಕೋರ್ಟು ಕೊಟ್ಟ ತಡೆ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ. ಸುಣ್ಣ-ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಕಟ್ಟೆ ಅದು, 1911ರಲ್ಲಿ ಕೆಲಸ ಶುರುವಾದದ್ದು. ಒಂದು ಸಿಡಿತದಿಂದ ಅದಕ್ಕೆ ಏನೂ ಆಗದಿರಬಹುದು. ದಿನಕ್ಕೆ ಹತ್ತು ಸಲ, ವರ್ಷಗಟ್ಟಲೆ ಸಣ್ಣ ಸಣ್ಣ ನಡುಕ ಕೊಡುತ್ತಾ ಪರೀಕ್ಷೆ ಮಾಡುವ ವಸ್ತು ಅದಲ್ಲ. ಲಕ್ಷಾಂತರ ಮನೆಯ ಅನ್ನ ಅದರಲ್ಲಿದೆ.

ಕಟ್ಟೆಯಲ್ಲಿ ತುಂಬಿದ ನೀರಿನ ಭಾರಕ್ಕೇ ಭೂಕಂಪ ಆಗುವುದಿಲ್ಲವೇ ಎಂದೂ ಕೆಲವರು ಕೇಳುತ್ತಾರೆ. ಆಗಬಹುದು. ಮಹಾರಾಷ್ಟ್ರದ ಕೊಯ್ನಾದಲ್ಲಿ ಜಲಾಶಯ ತುಂಬಲು ಶುರುವಾದದ್ದು 1962ರಲ್ಲಿ. 1967ರ ಡಿಸೆಂಬರ್‌ನಲ್ಲಿ 6.3ರ ಭೂಕಂಪವಾಗಿ ಸುಮಾರು 180 ಜನ ಸತ್ತರು. ನೀರು ಬಿರುಕಿನೊಳಗೆ ಇಳಿದು, ಜಾರಲು ಸಿದ್ಧವಾಗಿದ್ದ ಬಂಡೆಗೆ ಎಣ್ಣೆ ಹಚ್ಚಿದಂತೆ ಆಯಿತು. ಮೊದಲೇ ಬಗ್ಗಿ ನಿಂತ ಕಬ್ಬು ಅಲ್ಲಿರಲೇಬೇಕು, ನೀರು ಮಾಡುವುದು ಕೊನೆಯ ನೂಕು ಮಾತ್ರ. ಕೊಯ್ನಾ ಕಟ್ಟೆಯ ಎತ್ತರ 103 ಮೀಟರ್. ಕನ್ನಂಬಾಡಿ ಸುಮಾರು 40 ಮೀಟರ್, ಹಿಡಿಯುವ ನೀರು 49 ಟಿ.ಎಂ.ಸಿ., ಅಂದರೆ ಕೊಯ್ನಾದ ಅರ್ಧದಷ್ಟು. ಜಲಾಶಯ ಪ್ರಚೋದಿಸುವ ಭೂಕಂಪಗಳು ಹೆಚ್ಚಾಗಿ ಕಾಣಿಸುವುದು ಮೊದಮೊದಲ ವರ್ಷಗಳಲ್ಲಿ. ಕನ್ನಂಬಾಡಿ ತುಂಬಿ ಬರಿದಾಗಿ, ತುಂಬಿ ಬರಿದಾಗಿ ತೊಂಬತ್ತು ವರ್ಷ ದಾಟಿದೆ. ಈ ಭಯವನ್ನು ನೀವು ಬಿಡಬಹುದು. ಗಣಿ ಸಿಡಿತದ ಮೇಲೆ ಮಾತ್ರ ಕಣ್ಣಿಡಿ.

ಇನ್ನು ಜ್ವಾಲಾಮುಖಿ. ಮ್ಯಾಂಟಲ್ ಕಲ್ಲಾದರೆ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಎಲ್ಲಿಂದ ಬರುತ್ತದೆ? ಹಿಂದೆ ಹೇಳಿದ ಮಾತು ಈಗ ಬೇಕು: ಒತ್ತಡ ಹೆಚ್ಚಿದ್ದರೆ ಕಲ್ಲು ಕರಗದು. ಕುಕ್ಕರಿನಲ್ಲಿ ನೀರು 100 ಡಿಗ್ರಿ ದಾಟಿದರೂ ಒತ್ತಡ ಇರುವ ತನಕ ಕುದಿಯದೆ ಇರುತ್ತದೆ. ಸೀಟಿ ಎತ್ತಿದರೆ ಒಳಗೆಲ್ಲ ಭುಸ್ಸನೆ ಕುದಿ ಏಳುತ್ತದೆ; ಹೊಸದಾಗಿ ಬೆಂಕಿ ಹಾಕಿದ್ದಲ್ಲ, ಒತ್ತಡ ಇಳಿದದ್ದು. ಭೂಫಲಕಗಳು ದೂರ ಸರಿಯುವ ಕಡೆ ಬಿಸಿಗಲ್ಲು ಮೇಲೇರಿ ಒತ್ತಡ ತಗ್ಗಿ ಹೀಗೇ ಕರಗುತ್ತದೆ. ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ ಬೇರೆ ಬಗೆ. ಕುಲ್ಫಿ ಮಾರುವವರು ಐಸಿಗೆ ಉಪ್ಪು ಹಾಕುತ್ತಾರೆ, ಐಸು ಇನ್ನೂ ತಣ್ಣಗಿರುವಾಗಲೇ ಕರಗುತ್ತದೆ. ಸಮುದ್ರದ ತಳದಿಂದ ಫಲಕದ ಜೊತೆ ಕೆಳಗಿಳಿದ ನೀರು ಬಿಸಿಗಲ್ಲಿಗೆ ಈ ಉಪ್ಪಿನ ಕೆಲಸ ಮಾಡುತ್ತದೆ. ಆ ಪಾಕದಲ್ಲಿ ಕರಗಿದ ಅನಿಲ ಇರುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ನೊರೆ ಮೇಲಕ್ಕೆ ನುಗ್ಗುವಂತೆ, ಮೇಲೆ ಬರುತ್ತಾ ಅನಿಲ ಗುಳ್ಳೆಯಾಗಿ ಪಾಕವನ್ನು ಹೊರಕ್ಕೆ ಚಿಮ್ಮಿಸುತ್ತದೆ. ಅಂದರೆ ಕರಗಿದ ಕಲ್ಲು ಎಲ್ಲೆಡೆ ಇಲ್ಲ. ಕೆಲವೇ ಕಡೆ, ಕೆಲವೇ ಕಾರಣಕ್ಕೆ ಹುಟ್ಟುತ್ತದೆ. ಭಾರತದಲ್ಲಿ ಈಗ ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದೊಂದೇ. ಅಲ್ಲಿ ಭಾರತದ ಫಲಕ ಅಡಿಗೆ ನುಗ್ಗುತ್ತಿದೆ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು.

ಮಂಡ್ಯ-ಮೈಸೂರಿನ ಕೆಳಗೆ ಈ ಯಾವ ಕಾರಣವೂ ಇಲ್ಲ. ಇಲ್ಲಿ ಫಲಕಗಳ ಅಂಚಿಲ್ಲ. ಭೂಕವಚದ ಕೆಳಗೂ ತಣ್ಣನೆಯ ಹಳೆಯ ಬೇರು ಬಹು ಆಳದವರೆಗೆ ಗಟ್ಟಿಯಾಗಿ ಕೂತಿದೆ. ಚಾಮುಂಡಿ ಬೆಟ್ಟ ಆರಿದ ಜ್ವಾಲಾಮುಖಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆಗೆ ಮುಖ ಹತ್ತಿರ ತಂದು ನೋಡಿ. ಅಕ್ಕಿಕಾಳಿಗಿಂತ ದಪ್ಪನೆಯ ತಿಳಿಗುಲಾಬಿ, ಬೂದು ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸುಮಾರು 80 ಕೋಟಿ ವರ್ಷದ ಹಿಂದೆ ಪಾಕವೊಂದು ಮೇಲೆ ಬರಲಾಗದೆ ನೆಲದಾಳದಲ್ಲೇ ನಿಂತು ನಿಧಾನವಾಗಿ ಆರಿದ್ದಕ್ಕೆ ಹರಳು ಅಷ್ಟು ದಪ್ಪ ಬೆಳೆದಿವೆ. ಮೇಲೆ ಉಕ್ಕಿ ಬೇಗ ಆರಿದ್ದರೆ ಕಣ್ಣಿಗೆ ಕಾಣದಷ್ಟು ನುಣುಪಾಗಿರುತ್ತಿತ್ತು. ಮೇಲಿನ ನೆಲವೆಲ್ಲ ಸವೆದು ಹೋಗಿ ಇವತ್ತು ಅದು ಬೆಟ್ಟವಾಗಿ ನಿಂತಿದೆ.

ನಿಜವಾದ ಲಾವಾ ನೋಡಬೇಕಾದರೆ ಕರ್ನಾಟಕದಲ್ಲಿ ಬೇರೆ ಜಾಗಗಳಿವೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿ ದಿಂಬುಗಳಂತೆ ಉಬ್ಬಿ ಗಟ್ಟಿಯಾದ ಲಾವಾ ಇದೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದವು, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕರಿಕಲ್ಲಿನ ಹಾಸು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ. ಯಾವುದೂ ಈಗ ಮಿಸುಕುವುದಿಲ್ಲ. ಮಗಳನ್ನು ಒಮ್ಮೆ ಮಲ್ಪೆಗೆ ಕರೆದುಕೊಂಡು ಹೋಗಿ. ನೂರು ಚಿತ್ರಕ್ಕಿಂತ ಆ ಒಂದು ಕಂಬಗಲ್ಲನ್ನು ಮುಟ್ಟುವುದು ಮೇಲು.

ಹಾಗಾಗಿ ಜ್ವಾಲಾಮುಖಿಯ ಭಯವನ್ನು ಪೂರ್ತಿ ಬಿಡಿ. ಭೂಕಂಪದ ವಿಷಯದಲ್ಲಿ ಅಷ್ಟು ನಿಶ್ಚಿಂತೆ ಹೇಳಲಾರೆ. ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕು ವಲಯಗಳ ನಕ್ಷೆಯಲ್ಲಿ ಮಂಡ್ಯ, ಮೈಸೂರು ಎರಡೂ ಅತಿ ಕಡಿಮೆ ಅಪಾಯದ ಎರಡನೇ ವಲಯದಲ್ಲಿವೆ. ಕಿಲ್ಲಾರಿಯೂ ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. 1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕಕ್ಕೆ ನಾಲ್ಕು ನಿಮಿಷ ಬಾಕಿ. ಗಣಪತಿ ಬಿಟ್ಟು ಬಂದು ಊರು ಮಲಗಿತ್ತು. ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಮೇಲೆ ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ. ಸತ್ತವರು ಎಂಟರಿಂದ ಹತ್ತು ಸಾವಿರ. ಅವರನ್ನು ಕೊಂದದ್ದು ಮನೆಯ ಗೋಡೆ ಮತ್ತು ಮಾಳಿಗೆ. ಅದೇ 6.2 ಚೆನ್ನಾಗಿ ಕಟ್ಟಿದ ಊರಿನಲ್ಲಿ ಆಗಿದ್ದರೆ ಅಷ್ಟು ಹೆಣ ಬೀಳುತ್ತಿರಲಿಲ್ಲ.

ಹಾಗಾಗಿ ಹೆದರುವ ಶಕ್ತಿಯನ್ನು ಮನೆಯ ಕಡೆ ತಿರುಗಿಸಿ. ಹೊಸ ಮನೆ ಕಟ್ಟುವಾಗ ಕಿಟಕಿ-ಬಾಗಿಲ ಮೇಲೆ ತುಂಡುತುಂಡು ಲಿಂಟಲ್ ಹಾಕುವ ಬದಲು ಮನೆಯ ಸುತ್ತಲೂ ಒಂದೇ ಪಟ್ಟಿಯಾಗಿ ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕಿಸಿ, ಮೂಲೆಯಲ್ಲಿ ಕಡಿಯದಂತೆ. ಬಿದಿರು ಬುಟ್ಟಿಯ ಬಾಯಿಗೆ ಬಿಗಿಯುವ ಕಟ್ಟು ಇದ್ದಂತೆ ಅದು, ನಾಲ್ಕು ಗೋಡೆಯನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಖರ್ಚು ತೀರಾ ಹೆಚ್ಚಲ್ಲ. ಮೇಸ್ತ್ರಿ ಬೇಡ ಎಂದರೂ ಬಿಡಬೇಡಿ. ಸೈಜುಗಲ್ಲಿನ ಗೋಡೆಯಾದರೆ ಅಲ್ಲಲ್ಲಿ ಈ ಬದಿಯಿಂದ ಆ ಬದಿ ಮುಟ್ಟುವ ಉದ್ದನೆ ಕಲ್ಲು ಕೂರಿಸಬೇಕು, ಇಲ್ಲದಿದ್ದರೆ ಗೋಡೆ ಎರಡು ಸೀಳಾಗಿ ಬಿಚ್ಚಿಕೊಳ್ಳುತ್ತದೆ. ಮೈಸೂರಿನಲ್ಲಿ ಫ್ಲ್ಯಾಟ್ ಕೊಳ್ಳುವವರಿದ್ದರೆ ಕೆಳ ಅಂತಸ್ತು ಪಾರ್ಕಿಂಗಿಗೆಂದು ಬರೀ ಕಂಬದ ಮೇಲೆ ನಿಂತಿದೆಯೇ, ಆ ಕಂಬಗಳ ವಿನ್ಯಾಸವನ್ನು ಎಂಜಿನಿಯರ್ ಭೂಕಂಪಕ್ಕೆ ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿ. ಭುಜ್ ಭೂಕಂಪದಲ್ಲಿ ಇನ್ನೂರು ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಕುಸಿದ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಇಂಥವೇ. ನಡುಕ ಶುರುವಾದಾಗ ಅಂಗಳ ಒಂದೆರಡು ಹೆಜ್ಜೆಯಲ್ಲಿದ್ದರೆ ಹೊರಗೆ ಬನ್ನಿ, ಗೋಡೆ, ನೀರಿನ ಟ್ಯಾಂಕು, ಕರೆಂಟು ಕಂಬದಿಂದ ದೂರ ನಿಲ್ಲಿ. ಒಳಗೆ ಸಿಕ್ಕಿಕೊಂಡರೆ ಗಟ್ಟಿ ಮಂಚ, ಮೇಜಿನಡಿ ಕೂತು ತಲೆ ಮುಚ್ಚಿಕೊಳ್ಳಿ. ಅಲ್ಲಾಡುವಾಗ ಮೆಟ್ಟಿಲು ಇಳಿಯಲು ಹೋಗಬೇಡಿ.

ಕೊನೆಗೆ ಮಗಳಿಗೆ ಒಂದು ಕೆಲಸ. ಒಂದು ಸ್ಟೀಲ್ ಚೊಂಬಿಗೆ ಕಂಠದವರೆಗೆ ನೀರು ತುಂಬಿ, ನೆಲದ ಮೇಲೆ, ಗಾಳಿ ತಾಗದ ಮೂಲೆಯಲ್ಲಿ ಇಡಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್. ಮುಂದಿನ ಸಲ ‘ಧಡ್’ ಎಂದಾಗ ಗಂಟೆ, ನಿಮಿಷ ಬರೆಯಲಿ. ನೆಲ ಮೊದಲು ನಡುಗಿತೋ ಶಬ್ದ ಮೊದಲು ಬಂತೋ, ನಡುವೆ ಎಷ್ಟು ಎಣಿಸಿದಳು, ಚೊಂಬಿನ ನೀರು ಸುಮ್ಮನೆ ನಿರಿಗೆ ಬಿತ್ತೋ ಇಲ್ಲ ಒಂದು ಕಡೆಗೆ ಹೊಯ್ದಾಡಿತೋ, ಬರೆಯಲಿ. ಅದೇ ದಿನ ರಾಷ್ಟ್ರೀಯ ಭೂಕಂಪನ ಕೇಂದ್ರದ ಜಾಲತಾಣದಲ್ಲಿ ಆ ಹೊತ್ತಿಗೆ ನಮ್ಮ ಕಡೆ ಏನಾದರೂ ದಾಖಲಾಗಿದೆಯೇ ನೋಡಲಿ. ಎರಡು ತಿಂಗಳ ಬರಹವನ್ನು ನನಗೆ ಕಳಿಸಿಕೊಡಿ. ಶಬ್ದ ಎಷ್ಟು ದೂರದಿಂದ ಬರುತ್ತಿದೆ ಎಂದು ನಾನೂ ಆಕೆಯೂ ಕೂತು ಲೆಕ್ಕ ಹಾಕೋಣ.